ಹೈಲಕ್ಸ್ ಆಟೋಮ್ಯಾಟಿಕ್: ಗೇರ್ ಆಯಿಲ್, ಪ್ಯಾನ್ ಗ್ಯಾಸ್ಕೆಟ್ ಬದಲಿಸಿದ ಮೇಲೆ ರಿವರ್ಸ್ ತಡ, ಪ್ಯಾನ್ ಮೂಲೆಯಲ್ಲಿ ಒಸರು

ಹೊಸನಗರ_ಹೈಲಕ್ಸ್:
ಗಾಡಿ 2022ರ ಟೊಯೋಟಾ ಹೈಲಕ್ಸ್ ಪಿಕಪ್, 2.8 ಡೀಸೆಲ್, 6 ಸ್ಪೀಡ್ ಆಟೋಮ್ಯಾಟಿಕ್. 84,000 ಕಿ.ಮೀ. ಆಗಿದೆ, ಹೆಚ್ಚಿನದು ಹುಲಿಕಲ್ ಘಾಟಿ ಹತ್ತಿಳಿದದ್ದು. ಮನೆಯಲ್ಲೇ ಪ್ಯಾನ್ (ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ) ಇಳಿಸಿ, ಹೊಸ ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ), ಹೊಸ ಗ್ಯಾಸ್ಕೆಟ್ ಹಾಕಿ, ಡಬ್ಲ್ಯುಎಸ್ ಎಟಿಎಫ್ (ಟೊಯೋಟಾದ ಆಟೋಮ್ಯಾಟಿಕ್ ಗೇರ್ ಆಯಿಲ್) ತುಂಬಿದ್ದಾಯಿತು. ಈಗ ಎರಡು ತಕರಾರು.

ಬೆಳಿಗ್ಗೆ ಮೊದಲ ಸಲ ರಿವರ್ಸ್‌ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತದೆ. ಬಿಸಿಯಾದ ಮೇಲೆ ಈ ತಡ ಇಲ್ಲ. ಆದರೆ ಏರಿನಲ್ಲಿ ಹೇರ್‌ಪಿನ್ ತಿರುವು ಸುತ್ತುವಾಗ ಆರ್‌ಪಿಎಂ ಒಮ್ಮೆ ಸುಮ್ಮನೆ ಮೇಲೆ ಹಾರುತ್ತದೆ. ಇನ್ನೊಂದು, ಪ್ಯಾನಿನ ಹಿಂದಿನ ಬಲ ಮೂಲೆ ಒದ್ದೆ. ರಾತ್ರಿಯಿಡೀ ನಿಂತರೆ ನಾಲ್ಕೈದು ಹನಿ.

ಲೆವೆಲ್ ನೋಡಿದ್ದು ಹೀಗೆ: ಒಂದು ರೌಂಡ್ ಓಡಿಸಿಕೊಂಡು ಬಂದು, ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಓವರ್‌ಫ್ಲೋ ಬೋಲ್ಟ್ (ಹೆಚ್ಚಾದ ಆಯಿಲ್ ಹೊರಬಿಡುವ ಪ್ಯಾನಿನ ಬೋಲ್ಟ್) ಬಿಚ್ಚಿ, ಬಂದಷ್ಟು ಸುರಿಯಲು ಬಿಟ್ಟು ಬಿಗಿ ಮಾಡಿದ್ದು. ಇಳಿಸಿದ ಆಯಿಲ್ ಅಳೆದಿಲ್ಲ. ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡೂ ಇಲ್ಲ. "ಇಸಿಯು (ಗಾಡಿಯ ಕಂಪ್ಯೂಟರ್) ಹೊಸ ಆಯಿಲ್‌ಗೆ ಹೊಂದಿಕೊಳ್ಳಬೇಕು, ಸಾವಿರ ಕಿಲೋಮೀಟರ್ ಓಡಿಸಿ" ಅಂತ ಒಬ್ಬರು ಹೇಳಿದರು. ಕಾಯಬಹುದಾ?

ಗೇರ್‌ಪೆಟ್ಟಿಗೆ:
ಕಾಯಬೇಡಿ ಸಾರ್, ಘಾಟಿಯನ್ನಂತೂ ಹತ್ತಿಸಲೇ ಬೇಡಿ. ಇಸಿಯು ಹೊಂದಿಕೆ ಅನ್ನುವುದು ಶಿಫ್ಟ್ ಸ್ವಲ್ಪ ಒರಟೋ ನಯವೋ ಆಗುವ ಮಟ್ಟಿಗೆ ಮಾತ್ರ. ರಿವರ್ಸ್ ಮೂರು ಸೆಕೆಂಡ್ ತಡ ಆಗುವುದು ಕ್ಲಚ್‌ಗೆ ಒತ್ತಡ ತಲುಪುತ್ತಿಲ್ಲ ಅಂತ. ನೀವು ಬರೆದ ಲೆವೆಲ್ ಕ್ರಮ ನೋಡಿದರೆ ಆಯಿಲ್ ಕಡಿಮೆ ಇರುವುದು ಹೆಚ್ಚುಕಮ್ಮಿ ಖಚಿತ.

ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ ಇಲ್ಲ. ಓವರ್‌ಫ್ಲೋ ಬೋಲ್ಟಿನ ಒಳಗೆ ಸಣ್ಣ ಕೊಳವೆ ನಿಂತಿರುತ್ತದೆ, ಅದರ ತುದಿಯೇ ಲೆವೆಲ್ ಗೆರೆ. ಆ ಗೆರೆ ಇಟ್ಟಿರುವುದು ಇಂಜಿನ್ ಓಡುತ್ತಿರುವಾಗ, ಆಯಿಲ್ ಸುಮಾರು 35ರಿಂದ 45 ಡಿಗ್ರಿಯಲ್ಲಿರುವಾಗ, ಗಾಡಿ ಸಮತಟ್ಟಾಗಿ ನಿಂತಿರುವಾಗ ಅಂತ ಲೆಕ್ಕ ಹಾಕಿ. ಇಂಜಿನ್ ಓಡುವಾಗ ಪಂಪು ಆಯಿಲನ್ನು ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಆಯಿಲ್ ಒತ್ತಡ ಹಂಚುವ ಭಾಗ), ಕೂಲರ್ ಪೈಪುಗಳಿಗೆ ಎಳೆದುಕೊಂಡಿರುತ್ತದೆ, ಪ್ಯಾನಿನಲ್ಲಿ ಮಟ್ಟ ಕೆಳಗಿರುತ್ತದೆ. ಆಫ್ ಮಾಡಿದ ಕೂಡಲೇ ಅದರಲ್ಲಿ ಒಂದಷ್ಟು ವಾಪಸ್ ಪ್ಯಾನಿಗೆ ಇಳಿಯುತ್ತದೆ. ಆಗ ಬೋಲ್ಟ್ ಬಿಚ್ಚಿದರೆ ಹೆಚ್ಚುವರಿ ಅಂತ ಸುರಿಯುವುದು ನಿಜವಾಗಿ ಬೇಕಾದ ಆಯಿಲ್. ಇದರ ಮೇಲೆ ಬಿಸಿ ಬೇರೆ. 10 ಲೀಟರ್ ಎಟಿಎಫ್ 40ರಿಂದ 80 ಡಿಗ್ರಿಗೆ ಏರಿದರೆ ಸುಮಾರು 300 ಮಿ.ಲೀ. ಉಬ್ಬುತ್ತದೆ, ಅದೂ ಚೆಲ್ಲಿತು. ರಾತ್ರಿ ತಣ್ಣಗಾದಾಗ ಆಯಿಲ್ ಕುಗ್ಗುತ್ತದೆ, ಬೆಳಿಗ್ಗೆ ಸ್ಟ್ರೈನರ್ ಬಾಯಿಗೆ ಗಾಳಿ ಸಿಗುತ್ತದೆ, ರಿವರ್ಸ್ ತಡ. ಬಿಸಿಯಾದಾಗ ಉಬ್ಬಿ ಸರಿಹೋದ ಹಾಗೆ ಕಾಣುತ್ತದೆ. ಆದರೆ ಹೇರ್‌ಪಿನ್‌ನಲ್ಲಿ ಆಯಿಲ್ ಒಂದು ಪಕ್ಕಕ್ಕೆ ವಾಲಿದಾಗ ಮತ್ತೆ ಗಾಳಿ. ನಿಮ್ಮ ಲಕ್ಷಣ ಎರಡೂ ಇದಕ್ಕೇ ಕೂಡುತ್ತವೆ.

ಇಳಿಜಾರು ಎಷ್ಟು ಕೆಡಿಸಿತು ಅನ್ನುವುದು ಮೂತಿ ಯಾವ ಕಡೆಗಿತ್ತು ಅನ್ನುವುದರ ಮೇಲೆ. ಅದನ್ನು ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಸಮನಾದ ಜಾಗ ಹುಡುಕುವುದು ಸುಲಭ.

ಮಳೆಕಾಡು:
ನಮ್ಮ ಕಡೆ ಸಮತಟ್ಟು ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳ ಒಂದೇ ಮಾರಾಯ್ರೆ. ಅದೂ ನೀರು ಹರಿದು ಹೋಗಲಿ ಅಂತ ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಚಾಸಿ ರೈಲಿನ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಉದ್ದಕ್ಕೂ ಅಡ್ಡಕ್ಕೂ. ತಗ್ಗಿದ ಕಡೆಯ ಚಕ್ರದ ಕೆಳಗೆ ಹಲಗೆ ಕೊಟ್ಟರೆ ಸಾಕು. ಹೈಲಕ್ಸ್ ಎತ್ತರ ಇರುವುದರಿಂದ ಜಾಕ್ ಹಾಕದೆಯೇ ಕೆಳಗೆ ನುಸುಳಬಹುದು, ಲೆವೆಲ್ ನೋಡಲು ಅದೇ ಒಳ್ಳೆಯದು. ಎತ್ತಲೇಬೇಕಾದರೆ ನಾಲ್ಕೂ ಕಡೆ ಸಮನಾಗಿ, ಸ್ಟ್ಯಾಂಡಿನ ಮೇಲೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಮಾತ್ರ ಬೇಡ, ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಇಲ್ಲಿ ಇಂಜಿನ್ ಓಡುತ್ತಿರುವಾಗ ಕೆಳಗೆ ಮಲಗುವ ಕೆಲಸ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಮುಂದೂ ಹಿಂದೂ ಕಟ್ಟೆ ಕೊಡಿ.

ಆಯಿಲ್ ಏರಿಸಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ತೊಳೆದು ಬಳಸುವವರಿದ್ದಾರೆ. ಎಷ್ಟು ತೊಳೆದರೂ ಸುಣ್ಣ, ಮೈಲುತುತ್ತದ ಗಸಿ ಪೈಪಿನಲ್ಲಿ ಇದ್ದೇ ಇರುತ್ತದೆ. ಬಾಟಲಿ ಬಾಯಿಗೆ ಕೂರುವ ಸಣ್ಣ ಕೈಪಂಪ್ ಹೊಸದೇ ತನ್ನಿ.

ಗೇರ್‌ಪೆಟ್ಟಿಗೆ:
ಮಾಡುವ ಕ್ರಮ ಹೇಳುತ್ತೇನೆ. ಗಾಡಿ ರಾತ್ರಿಯಿಡೀ ನಿಂತಿರಲಿ. ಯಾವತ್ತೂ ಮೊದಲು ಬಿಚ್ಚುವುದು ಪಕ್ಕದ ಫಿಲ್ಲರ್ ಬೋಲ್ಟ್. ಕೆಳಗಿಂದ ಇಳಿಸಿದ ಮೇಲೆ ಅದು ಜಾಮ್ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ತಣ್ಣಗಿರುವಾಗಲೇ 500 ಮಿ.ಲೀ. ಡಬ್ಲ್ಯುಎಸ್ ಹಾಕಿ, ಬೋಲ್ಟ್ ಕೈಯಲ್ಲಿ ತಿರುವಿ ಮುಚ್ಚಿ. ಎಸಿ, ಲೈಟು ಆಫ್. ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಎಲ್ಲ ಸ್ಥಾನಗಳಿಗೂ ತನ್ನಿ, ಒಂದೊಂದರಲ್ಲಿ ಮೂರು ಸೆಕೆಂಡ್, ಕೊನೆಗೆ ಪಾರ್ಕಿಂಗ್. ಆಮೇಲೆ ಐಡಲ್‌ನಲ್ಲಿ ಬಿಡಿ.

ಉಷ್ಣತೆಯನ್ನು ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸಣ್ಣ ಸಾಧನ) ಹಾಕಿ ಫೋನಿನಲ್ಲಿ ನೋಡಿ. ಇಂಜಿನ್ ಕೂಲೆಂಟ್ ಅಲ್ಲ, ಎಟಿಎಫ್ ಉಷ್ಣತೆಯ ಸಾಲು ಬೇರೆ ಇರುತ್ತದೆ. ಪ್ಯಾನಿಗೆ ಇನ್ಫ್ರಾರೆಡ್ ಗನ್ ಹಿಡಿದರೆ ಹೊರಗಿನ ತಗಡಿನ ಶಾಖ ತೋರಿಸುತ್ತದೆ, ಒಳಗಿನದ್ದಕ್ಕಿಂತ ಕಡಿಮೆ. ಮಳೆಗಾಲದಲ್ಲಿ 40 ಮುಟ್ಟಲು ಕಾಲು ಗಂಟೆ ಮೀರಬಹುದು. ಅವಸರಕ್ಕೆ ರೇಸ್ ಮಾಡಬೇಡಿ.

38–40 ಬಂದಾಗ, ಇಂಜಿನ್ ಓಡುತ್ತಿರುವಂತೆಯೇ ಓವರ್‌ಫ್ಲೋ ಬೋಲ್ಟ್ ಬಿಚ್ಚಿ. ಏನೂ ಬರದಿದ್ದರೆ ಆಯಿಲ್ ಕಡಿಮೆ. ಫಿಲ್ಲರ್‌ನಿಂದ ಸಣ್ಣಗೆ ಪಂಪ್ ಮಾಡುತ್ತಾ ಹೋಗಿ, ಕೆಳಗೆ ದಾರದಂತೆ ಇಳಿಯಲು ಶುರುವಾದಾಗ ನಿಲ್ಲಿಸಿ. ದಾರ ಕಡಿದು ಹನಿ ಆದ ತಕ್ಷಣ ಬೋಲ್ಟ್ ಹಾಕಿ, ವಾಷರ್ ಹೊಸದು. ಇಷ್ಟರಲ್ಲಿ 45 ದಾಟಿದ್ದರೆ ಆ ಸಲದ ಲೆಕ್ಕ ಬಿಡಿ, ತಣಿಸಿ ಮತ್ತೆ ನೋಡಿ. ಇರಲಿ ಅಂತ ಮೇಲೆ ಅರ್ಧ ಲೀಟರ್ ಹೆಚ್ಚು ಹಾಕುವುದೂ ಬೇಡ. ತಿರುಗುವ ಭಾಗಗಳು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಬ್ರೀದರ್‌ನಿಂದ (ಗೇರ್‌ಬಾಕ್ಸಿನ ಗಾಳಿಯಾಡುವ ಕೊಳವೆ) ಹೊರಗೂ ಉಗುಳುತ್ತದೆ.

ಮಳೆಕಾಡು:
ಲೆವೆಲ್ ಸರಿಯಾದ ಮೇಲೂ ತಡ ಉಳಿದರೆ ಮುಂದಿನ ಅನುಮಾನ ಸ್ಟ್ರೈನರಿನ ಓ-ರಿಂಗ್ (ರಬ್ಬರ್ ಉಂಗುರ). ಹಳೆಯದು ಎಷ್ಟೋ ಸಲ ಸ್ಟ್ರೈನರ್ ಜೊತೆ ಬರದೆ ಮೇಲಿನ ರಂಧ್ರದಲ್ಲೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದು ಕೂರಿಸಿದರೆ ಓರೆಯಾಗಿ ಗಾಳಿ ಎಳೆಯುತ್ತದೆ. ಆಗ ಆರ್‌ಪಿಎಂ ಜೊತೆ ಏರುವ ಕುಯ್ ಶಬ್ದ ಇರುತ್ತದೆ. ಪ್ಯಾನಿನ ತಳ ಕಲ್ಲಿಗೆ ತಾಗಿ ಒಳಗೆ ತಗ್ಗಿದೆಯಾ ಅಂತಲೂ ನೋಡಿ. ತೋಟದ ದಾರಿಯಲ್ಲಿ ಓಡುವ ಗಾಡಿಗೆ ಇದು ಮಾಮೂಲಿ. ಆ ತಗ್ಗು ಸ್ಟ್ರೈನರಿನ ಬಾಯಿಗೆ ಹತ್ತಿರ ಬಂದರೆ ಹೀರುವ ಜಾಗವೇ ಕಟ್ಟುತ್ತದೆ.

ಆಯಿಲ್ ಬಣ್ಣ ಹೇಗಿತ್ತು? ರೋಸ್ ಮಿಲ್ಕ್ ತರಹ ಇದ್ದರೆ ನೀರು ಸೇರಿದೆ ಅಂತ ಅರ್ಥ. ಹಳ್ಳ ದಾಟುವಾಗ ಬ್ರೀದರ್‌ನಿಂದ ಹೋಗಿರಬಹುದು, ಕೂಲರ್ ತೂತಾಗಿ ಕೂಲೆಂಟ್ ಬಂದಿರಬಹುದು. ಎರಡನೆಯದಾದರೆ ಗಾಡಿ ಅಲ್ಲಿಗೇ ನಿಲ್ಲಿಸಬೇಕು, ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ.

ಸ್ಪ್ಯಾನರ್_ಶಿವಮೊಗ್ಗ:
ಮೂಲೆ ಒಸರಿಗೆ ಬರುತ್ತೇನೆ. ಮೊದಲು ಅದು ಗ್ಯಾಸ್ಕೆಟ್ಟಿನದ್ದೇ ಅಂತ ಖಾತ್ರಿ ಮಾಡಿ. ತುಂಬುವಾಗ ಫಿಲ್ಲರ್‌ನಿಂದ ಚೆಲ್ಲಿದ್ದು ಪ್ಯಾನಿನ ಅಂಚಿನಲ್ಲಿ ಕೂತು ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಒಣಗಿದ ಮೇಲೆ ಮುಖದ ಪೌಡರ್ ಉದುರಿಸಿ, ಹತ್ತು ಕಿಲೋಮೀಟರ್ ಓಡಿಸಿ. ಪೌಡರಿನ ಮೇಲೆ ಕೆಂಪು ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಮೂಲ.

ಗ್ಯಾಸ್ಕೆಟ್ಟೇ ಆದರೆ ಬೋಲ್ಟ್ ಇನ್ನಷ್ಟು ಬಿಗಿ ಮಾಡುವ ಆಸೆ ಬೇಡ. ಇವು ಅಲ್ಯೂಮಿನಿಯಂನೊಳಗೆ ಹೋಗುವ ಸಣ್ಣ ಬೋಲ್ಟ್‌ಗಳು, 10 ನ್ಯೂಟನ್ ಮೀಟರ್ ಒಳಗಿನ ಬಿಗಿ. ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಚಕ್ರದ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಈ ಮಟ್ಟದಲ್ಲಿ ಕ್ಲಿಕ್ ಆಗುವುದೇ ಇಲ್ಲ, ಕಾಲು ಇಂಚಿನ ಸಣ್ಣ ರೆಂಚ್ ಬೇಕು. ಅತಿ ಬಿಗಿ ಮಾಡಿದರೆ ಬೋಲ್ಟ್ ತೂತಿನ ಸುತ್ತ ತಗಡು ಮೇಲಕ್ಕೆ ಉಬ್ಬುತ್ತದೆ, ಎರಡು ಬೋಲ್ಟುಗಳ ನಡುವೆ ಸಂದು ಬಿಡುತ್ತದೆ, ಅಲ್ಲಿಂದ ಒಸರು. ಬಿಗಿ ಮಾಡಿದಷ್ಟೂ ಒಸರು ಜಾಸ್ತಿ ಆಗುವುದು ಇದಕ್ಕೇ.

ಪ್ಯಾನ್ ಇಳಿಸಿ, ಅಂಚಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ಉಬ್ಬಿದ್ದರೆ ಅಂಚನ್ನು ಗಟ್ಟಿ ಮರದ ತುಂಡಿನ ಮೇಲೆ ಕೂರಿಸಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ. ಎರಡೂ ಮುಖ ಎಣ್ಣೆ ಜಿಡ್ಡಿಲ್ಲದೆ ಒಣಗಿರಲಿ. ಗ್ಯಾಸ್ಕೆಟ್ ಹೊಸದು, ಒಣದಾಗೇ. ಸಿಲಿಕೋನ್ ಬೇಡ, ಒಳಗೆ ಹಿಂಡಿ ಬಂದ ಎಳೆ ಕಡಿದು ಸ್ಟ್ರೈನರ್‌ಗೆ ಸಿಕ್ಕುತ್ತದೆ. ಎಲ್ಲ ಬೋಲ್ಟ್ ಕೈಯಲ್ಲಿ ಹಿಡಿಸಿ, ನಡುವಿನಿಂದ ಮೂಲೆಗಳ ಕಡೆಗೆ ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಥ್ರೆಡ್ ಹೋಗಿದ್ದರೆ ದಪ್ಪ ಬೋಲ್ಟ್ ತುರುಕಬೇಡಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಿಸಿ.

ಹೊಸನಗರ_ಹೈಲಕ್ಸ್:
ಅಂಗಳದಲ್ಲಿ ರಸಮಟ್ಟ ಇಟ್ಟು ನೋಡಿದ್ದಾಯಿತು. 500 ಮಿ.ಲೀ. ಹಾಕಿ 39 ಡಿಗ್ರಿಯಲ್ಲಿ ಬಿಚ್ಚಿದರೆ ಒಂದು ಹನಿಯೂ ಇಲ್ಲ. ಇನ್ನೂ 350 ಮಿ.ಲೀ. ಹೋದ ಮೇಲೆ ದಾರ ಬಂತು. ಈಗ ಬೆಳಿಗ್ಗೆ ರಿವರ್ಸ್ ಹಾಕಿದ ಕೂಡಲೇ ಹಿಡಿಯುತ್ತದೆ, ಏರಿನಲ್ಲೂ ಆರ್‌ಪಿಎಂ ಹಾರುತ್ತಿಲ್ಲ. ಮೊದಲು ಇಳಿಸಿದ ಆಯಿಲ್ ಕಂದು ಬಣ್ಣ, ಹಾಲುಗಟ್ಟಿರಲಿಲ್ಲ. ಪ್ಯಾನಿನೊಳಗಿನ ಮ್ಯಾಗ್ನೆಟ್‌ಗಳ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇತ್ತು. ಪೌಡರ್ ಗೆರೆ ಮೂಲೆಯ ಎರಡು ಬೋಲ್ಟುಗಳ ನಡುವೆಯೇ ಶುರುವಾಗಿದೆ. ಪ್ಯಾನ್ ಮತ್ತೆ ಇಳಿಸಬೇಕು. ಆಗ ಬರುವ ಆಯಿಲ್ ಹೊಸದೇ ಅಲ್ಲವಾ, ಸೋಸಿ ಅದನ್ನೇ ಹಾಕಬಹುದಾ? ಇಲ್ಲಿ ಯುನಿವರ್ಸಲ್ ಎಟಿಎಫ್ ಮಾತ್ರ ಸಿಗುತ್ತಿದೆ.

ಗೇರ್‌ಪೆಟ್ಟಿಗೆ:
ನುಣ್ಣನೆ ಕೆಸರು ಸಹಜ ಸವೆತ, ಚಿಂತೆ ಇಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಗಾಬರಿ. ಮ್ಯಾಗ್ನೆಟ್ ಒರೆಸಿ ಅದದೇ ಜಾಗದಲ್ಲಿ ಇಡಿ.

ಸೋಸಿ ಹಾಕಬೇಡಿ. ಅದು ಹೊಸದಲ್ಲ, ಮಿಶ್ರಣ. ಒಟ್ಟು 10 ಲೀಟರ್‌ನಲ್ಲಿ ಪ್ಯಾನಿನಿಂದ 4 ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ ಹೊಸದು ಶೇ. 40, ಉಳಿದದ್ದು ಕನ್ವರ್ಟರ್‌ನಲ್ಲಿ ಹಳೆಯದೇ. ಈ ಸಲ ಮತ್ತೆ ಹೊಸದು ಹಾಕಿದರೆ ಶೇ. 64, ಇನ್ನೊಮ್ಮೆ ಮಾಡಿದರೆ ಶೇ. 78. ಒಸರು ಸರಿಪಡಿಸುವ ನೆಪದಲ್ಲಿ ಎರಡನೇ ಬದಲಾವಣೆ ಆದಂತೆ. ಇಳಿದದ್ದನ್ನು ಈ ಸಲ ಅಳೆಯಿರಿ, ಅಷ್ಟೇ ವಾಪಸ್ ಹಾಕಿ, ಆಮೇಲೆ ಮೇಲಿನ ಕ್ರಮದಲ್ಲೇ ಲೆವೆಲ್. ಡಬ್ಲ್ಯುಎಸ್ ಟೊಯೋಟಾದ ಹಳೆಯ ಎಟಿಎಫ್ ಟಿ-ಫೋರ್‌ಗಿಂತ ತೆಳುವಾದ ಆಯಿಲ್. ಎಲ್ಲದಕ್ಕೂ ಆಗುತ್ತದೆ ಅನ್ನುವ ಡಬ್ಬದ ಮೇಲೆ ಡಬ್ಲ್ಯುಎಸ್ ಹೆಸರು ಇಲ್ಲದಿದ್ದರೆ ತರಲೇಬೇಡಿ. ಶಿವಮೊಗ್ಗದಿಂದ ತರಿಸಿ, ಒಡೆದ ಡಬ್ಬ ಮಳೆಗಾಲದಲ್ಲಿ ತೆರೆದಿಡಬೇಡಿ, ತೇವ ಎಳೆಯುತ್ತದೆ.

ಮಳೆಕಾಡು:
ಹಳೆ ಆಯಿಲ್ ಬೇಲಿ ಗೂಟಕ್ಕೆ ಗೆದ್ದಲು ಬಾರದಿರಲಿ ಅಂತ ಬಳಿಯುವ ರೂಢಿ ಇದೆ, ಬೇಡ. ಮೊದಲ ಮಳೆಗೇ ತೊಳೆದು ಬಾವಿಗೋ ಹಳ್ಳಕ್ಕೋ ಇಳಿಯುತ್ತದೆ. ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲ್ ಒಯ್ಯುವವರಿಗೆ ಕೊಡುವ ಗ್ಯಾರೇಜಿಗೆ ಕೊಡಿ. ಅಂಗಳದಲ್ಲಿ ಚೆಲ್ಲಿದ್ದರೆ ಮಿಲ್ಲಿನ ಮರದ ಹೊಟ್ಟು ಹಾಕಿ ರಾತ್ರಿ ಬಿಟ್ಟು ಗುಡಿಸಿ. ಕೊಯ್ಲಿಗೆ ಮೊದಲೇ ಮುಗಿಸಿ, ಅಡಿಕೆಗೆ ಆ ವಾಸನೆ ಹತ್ತಿದರೆ ಮಂಡಿಯಲ್ಲಿ ಕೇಳುವವರಿಲ್ಲ.