ಮಳೆಗಾಲದಲ್ಲಿ ಬಾಕ್ಸ್ ಬ್ರೇಡ್ ಹಾಕಿಸಬಹುದೇ? ಬಿಗಿ ಸುರುಳಿ ಕೂದಲಿನ ಮಗಳಿಗಾಗಿ ಕೇಳುತ್ತಿದ್ದೇನೆ

ಪ್ರಶ್ನೆ: ಯಲ್ಲಾಪುರದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಯಲ್ಲಾಪುರ ತಾಲ್ಲೂಕಿನ, ಆಫ್ರಿಕಾ ಮೂಲದ ಸಿದ್ದಿಗಳು. ನನ್ನ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಅವಳದು ನನ್ನಂತೆಯೇ ಬಿಗಿ ಸುರುಳಿಯ ಕೂದಲು. ಒಂದೆಳೆಯನ್ನು ಹಿಡಿದು ಎಳೆದರೆ ಭುಜಕ್ಕೆ ಮುಟ್ಟುತ್ತದೆ, ಕೈಬಿಟ್ಟರೆ ಕಿವಿಯ ಮೇಲಕ್ಕೆ ಹೋಗಿ ಕೂರುತ್ತದೆ. ಎರಡು ವರ್ಷದ ಹಿಂದೆ ಗೆಳತಿಯರ ಮಾತು ಕೇಳಿ ಒಂದು ಪಾರ್ಲರಿನಲ್ಲಿ ಕೂದಲನ್ನು ನೇರ ಮಾಡಿಸಿಕೊಂಡು ಬಂದಳು. ತಿಂಗಳು ಕಳೆಯುವುದರೊಳಗೆ ಬಾಚಣಿಗೆ ಹಾಕಿದಾಗಲೆಲ್ಲ ಕೂದಲು ತುಂಡು ತುಂಡಾಗಿ ಉದುರತೊಡಗಿತು. ದಿಂಬಿನ ಮೇಲೆ ಬಿದ್ದ ಬೆರಳುದ್ದದ ತುಂಡುಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದು, ನನ್ನ ಮುಂದೆ ಬಿಚ್ಚಿ ಅವಳು ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈಗ ಬುಡದಿಂದ ಅವಳ ಸ್ವಂತ ಸುರುಳಿ ಕೂದಲು ಬಂದಿದೆ. ತುದಿಯಲ್ಲಿ ನಾಲ್ಕು ಬೆರಳಷ್ಟು ಮಾತ್ರ ಹಳೆಯ ನೇರ ಕೂದಲು ಉಳಿದಿದೆ.

ಈಗ ಬಾಕ್ಸ್ ಬ್ರೇಡ್, ಅಂದರೆ ತಲೆತುಂಬ ಬಿಡಿಬಿಡಿ ಸಣ್ಣ ಜಡೆಗಳನ್ನು, ಹಾಕಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ನಾಟ್‌ಲೆಸ್, ಫುಲಾನಿ, ಬೋಹೋ ಎಂದು ದಿನಕ್ಕೊಂದು ಚಿತ್ರ ಕಳುಹಿಸುತ್ತಾಳೆ. ಆ ಚಿತ್ರಗಳಲ್ಲಿರುವ ಹೆಣ್ಣುಮಕ್ಕಳ ಕೂದಲು ನಮ್ಮದರಂತೆಯೇ ಇರುವುದನ್ನು ಕಂಡು ನನಗೂ ಸಂತೋಷವಾಗುತ್ತದೆ. ಆದರೆ ಒಮ್ಮೆ ಪೆಟ್ಟು ತಿಂದ ಕೂದಲಿದು. ಇಂಥ ಜಡೆ ಹಾಕಿದರೆ ಕೂದಲು ಬೇಗ ಬೆಳೆಯುತ್ತದೆ ಎನ್ನುವುದು ನಿಜವೇ, ಆರಿದ್ರಾ ಮಳೆ ಹಿಡಿದ ಮೇಲೆ ಬಟ್ಟೆಯೇ ಒಣಗದ ಊರಿನಲ್ಲಿ ಅಷ್ಟು ಜಡೆಗಳನ್ನು ಒಣಗಿಸುವುದು ಹೇಗೆ, ಯಾವ ಬಗೆಯದನ್ನು ಆರಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ತುಂಗಾತೀರ

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಕೇಶಾಲಂಕಾರದ ಕೆಲಸ ಮಾಡಿ, ಅಲ್ಲಿಗೆ ಓದಲು ಬಂದಿದ್ದ ಆಫ್ರಿಕಾದ ಹೆಣ್ಣುಮಕ್ಕಳಿಂದ ಈ ಜಡೆಗಳನ್ನು ಕಲಿತವಳು. ಈಗ ಶಿವಮೊಗ್ಗದಲ್ಲಿದ್ದೇನೆ.

ಮೊದಲು ಬೆಳವಣಿಗೆಯ ಮಾತು. ಯಾವ ಜಡೆಯೂ ಕೂದಲನ್ನು ಬೆಳೆಸುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಬಿಗಿ ಸುರುಳಿಯ ಕೂದಲಿನಲ್ಲಿ ಆ ಬೆಳವಣಿಗೆ ಕಣ್ಣಿಗೆ ಕಾಣುವ ಮೊದಲೇ ತುದಿ ಮುರಿದು ಹೋಗುತ್ತದೆ. ಇಂಥ ಕೂದಲಿನ ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ, ಪ್ರತಿಯೊಂದು ತಿರುವಿನಲ್ಲಿಯೂ ಒಂದೊಂದು ದುರ್ಬಲ ಜಾಗವಿರುತ್ತದೆ, ನೆತ್ತಿಯಲ್ಲಿ ಹುಟ್ಟುವ ಜಿಡ್ಡು ಆ ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ದಿನವೂ ಬಾಚಿ ಸಿಕ್ಕು ಬಿಡಿಸುವುದನ್ನು ತಪ್ಪಿಸಿ, ತುದಿಗಳನ್ನು ಜಡೆಯೊಳಗೆ ಮುಚ್ಚಿಟ್ಟರೆ ಬೆಳೆದದ್ದು ಉಳಿಯುತ್ತದೆ. ಪ್ರೊಟೆಕ್ಟಿವ್ ಸ್ಟೈಲ್ ಎಂದು ಕರೆಯುವುದು ಇದನ್ನೇ.

ಬಾಕ್ಸ್ ಬ್ರೇಡ್ ಎಂದರೆ ನೆತ್ತಿಯನ್ನು ಚೌಕ ಚೌಕವಾಗಿ ಬೈತಲೆ ತೆಗೆದು, ಒಂದೊಂದು ಚೌಕಕ್ಕೆ ಒಂದೊಂದು ಮೂರೆಳೆಯ ಜಡೆ ಹೆಣೆಯುವುದು. ಉದ್ದಕ್ಕೂ ದಪ್ಪಕ್ಕೂ ಬೇರೆ ಕೂದಲನ್ನು ಸೇರಿಸುತ್ತಾರೆ. ನಮ್ಮ ಹಿರಿಯರು ಮದುವೆಯ ಜಡೆಗೆ ಚೌರಿ ಸೇರಿಸುತ್ತಿದ್ದರಲ್ಲ, ಹಾಗೆಯೇ. ಹಳೆಯ ಕ್ರಮದಲ್ಲಿ ಚೌರಿಯನ್ನು ಬುಡದಲ್ಲಿಯೇ ಗಂಟು ಹಾಕಿ ಶುರು ಮಾಡುವುದರಿಂದ ಮೊದಲ ದಿನವೇ ಇಡೀ ಭಾರ ಕೂದಲಿನ ಬುಡಕ್ಕೆ ಬೀಳುತ್ತದೆ. ನಾಟ್‌ಲೆಸ್ ಕ್ರಮದಲ್ಲಿ ಸ್ವಂತ ಕೂದಲಿನಿಂದಲೇ ಹೆಣಿಗೆ ಆರಂಭಿಸಿ, ಒಂದೆರಡು ಸುತ್ತು ಇಳಿದ ಮೇಲೆ ಚೌರಿಯನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಸೇರಿಸುತ್ತಾ ಹೋಗುತ್ತಾರೆ. ಬುಡ ಚಪ್ಪಟೆಯಾಗಿ, ಹಗುರವಾಗಿ ಕೂರುತ್ತದೆ. ಹೆಚ್ಚು ಹೊತ್ತು ಹಿಡಿಯುತ್ತದೆ, ಕೂಲಿಯೂ ಹೆಚ್ಚು. ಆದರೂ ನಿಮ್ಮ ಮಗಳಿಗೆ ಚೌರಿ ಸೇರಿಸುವುದೇ ಆದರೆ ಇದನ್ನು ಬಿಟ್ಟು ಬೇರೆಯದನ್ನು ನಾನು ಹೇಳಲಾರೆ.

ಅದಕ್ಕೂ ಮೊದಲು ತುದಿಯ ಆ ನಾಲ್ಕು ಬೆರಳನ್ನು ಕತ್ತರಿಸಿಬಿಡಿ. ಸುರುಳಿ ಮುಗಿದು ನೇರ ಕೂದಲು ಶುರುವಾಗುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಜಡೆ ಬಿಚ್ಚುವಾಗ ಸರಿಯಾಗಿ ಅಲ್ಲಿಯೇ ತುಂಡಾಗುತ್ತದೆ. ಅವಳಿಗೆ ಬೇಸರವಾಗಬಹುದು, ಆದರೆ ಅದನ್ನು ಉಳಿಸಿಕೊಂಡು ಜಡೆ ಹಾಕಿಸಿದರೆ ಇನ್ನೂ ಮೇಲಿನಿಂದ ಮುರಿದುಕೊಳ್ಳುತ್ತಾಳೆ.

ಬೋಹೋ ಎಂಬುದು ಜಡೆಗಳ ನಡುನಡುವೆ ಗುಂಗುರು ಎಳೆಗಳನ್ನು ಸಡಿಲವಾಗಿ ಇಳಿಬಿಟ್ಟ ಬಗೆ. ನೋಡಲು ಚೆಂದ; ಆದರೆ ಕೃತಕ ಎಳೆಗಳಾದರೆ ಮಲೆನಾಡಿನ ತೇವದಲ್ಲಿ ಒಂದು ವಾರಕ್ಕೇ ಜೊಂಡುಗಟ್ಟುತ್ತವೆ. ಫುಲಾನಿ ಎಂಬುದು ಪಶ್ಚಿಮ ಆಫ್ರಿಕಾದ ಫುಲಾನಿ ಜನರ ಹೆಸರು. ನಡುನೆತ್ತಿಯಲ್ಲಿ ಒಂದು ಸಾಲು, ಕಿವಿಯ ಪಕ್ಕ ಮಣಿ ಪೋಣಿಸಿದ ಜಡೆ ಅದರ ಗುರುತು. ಅದನ್ನು ಹಾಕಿಸುವುದಾದರೆ ಮಣಿಗಳು ಹಗುರವಾದ ಮರದವಾಗಿರಲಿ, ಕೆಲವೇ ಇರಲಿ, ಏಕೆಂದರೆ ಅವುಗಳ ಭಾರ ಬೀಳುವುದು ಕಿವಿಯ ಮೇಲಿನ ಎಳೆಗೂದಲಿಗೆ. ದಾರದೆಳೆಯಷ್ಟು ಸಣ್ಣ ಮೈಕ್ರೋ ಬ್ರೇಡ್ ಬೇಡವೇ ಬೇಡ.

ಚೌರಿಯ ವಿಷಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕನೇಕಲಾನ್ ಎಂಬ ಕೃತಕ ನೂಲು. ಜಪಾನಿನ ಕನೇಕಾ ಸಂಸ್ಥೆಯ ಹೆಸರಿನಿಂದ ಬಂದದ್ದು. ಅದರ ಮೇಲಿನ ಲೇಪ ಹಲವರ ನೆತ್ತಿಗೆ ನವೆ ತರುತ್ತದೆ. ಹಿಂದಿನ ದಿನವೇ ಒಂದು ಬಕೆಟ್ ನೀರಿಗೆ ಒಂದು ಲೋಟ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿಡಿ. ನೀರಿನ ಮೇಲೆ ಬೆಳ್ಳಗೆ ಒಂದು ಪೊರೆ ತೇಲಿ ಬರುವುದು ಕಾಣಬಹುದು. ತೊಳೆದು ಪೂರ್ತಿ ಒಣಗಿಸಿದ ಮೇಲೆ ಬಳಸಿ.

ಉತ್ತರ 2: ಹೊಸನಗರದ ಶುಶ್ರೂಷಕಿ

ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಜಡೆಯ ಸೆಳೆತದಿಂದ ಕೂದಲು ಉದುರಿ ಹೋಗುವ ತೊಂದರೆಗೆ ಟ್ರ್ಯಾಕ್ಷನ್ ಅಲೊಪೇಶಿಯಾ ಎನ್ನುತ್ತಾರೆ. ಇದು ಆಫ್ರಿಕಾ ಮೂಲದವರಿಗೆ ಮಾತ್ರ ಬರುವ ಕಾಯಿಲೆಯಲ್ಲ. ವೈದ್ಯಕೀಯ ಬರಹದಲ್ಲಿ ಇದು ಮೊದಲು ದಾಖಲಾದದ್ದು 1907ರಲ್ಲಿ, ಕೂದಲನ್ನು ಬಿಗಿಯಾಗಿ ಮೇಲೆತ್ತಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಯಾರ ಕೂದಲನ್ನಾದರೂ ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯಂಚು ಮತ್ತು ಕಿವಿಯ ಮೇಲ್ಭಾಗ ಬರಿದಾಗುತ್ತವೆ. ಬೇಗ ಗುರುತಿಸಿ ಸೆಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ಬುಡದ ಕೋಶ ಸತ್ತು ಚರ್ಮ ನುಣುಪಾದ ಮೇಲೆ ಬರುವುದಿಲ್ಲ.

ಆದ್ದರಿಂದ ಜಡೆ ಹೆಣೆಯುವಾಗ ನೋಯುತ್ತಿದ್ದರೆ ಅಲ್ಲಿಯೇ ನಿಲ್ಲಿಸಿ ಎಂದು ಹೇಳುವ ಧೈರ್ಯವನ್ನು ಮಗಳಿಗೆ ಕೊಟ್ಟು ಕಳುಹಿಸಿ. ಎರಡು ದಿನ ನೋವು ಇದ್ದೇ ಇರುತ್ತದೆ, ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ; ಆ ಮಾತನ್ನು ಒಪ್ಪಬೇಡಿ. ಹುಬ್ಬು ಮೇಲಕ್ಕೆ ಎಳೆದಂತಾಗುವುದು, ಜಡೆಯ ಬುಡದಲ್ಲಿ ಸಾಸಿವೆಯಷ್ಟು ಬಿಳಿ ಗುಳ್ಳೆಗಳೇಳುವುದು, ಬುಡದ ಸುತ್ತ ಚರ್ಮ ಗುಡಾರದಂತೆ ಎದ್ದು ನಿಲ್ಲುವುದು, ಇವು ಕಂಡ ದಿನವೇ ಜಡೆ ಬಿಚ್ಚಬೇಕು, ಕೊಟ್ಟ ಹಣ ಎಷ್ಟೇ ಇರಲಿ. ರಾಸಾಯನಿಕದಿಂದ ನೇರ ಮಾಡಿಸಿದ ಕೂದಲಿಗೆ ಜಡೆಯ ಸೆಳೆತವೂ ಸೇರಿದರೆ ಅಪಾಯ ಹೆಚ್ಚು. ಆ ತುದಿಯನ್ನು ಕತ್ತರಿಸಿ ಎಂದು ಮೇಲಿನವರು ಹೇಳಿರುವುದು ಸರಿಯಾಗಿದೆ. ಇನ್ನು ಮುಂದೆ ಜಡೆಯೂ ಬೇಕು, ನೇರ ಕೂದಲೂ ಬೇಕು ಎನ್ನುವುದು ಮಾತ್ರ ಆಗದು.

ಉತ್ತರ 3: ಕಾಡುಮಲ್ಲಿಗೆ

ಅಕ್ಕಾ, ನಾನೂ ಸಿದ್ದಿಯೇ, ಸಾಗರದಲ್ಲಿ ಕೆಲಸದಲ್ಲಿದ್ದೇನೆ. ಬಾಕ್ಸ್ ಬ್ರೇಡ್ ಹಾಕಿಕೊಂಡು ಎರಡು ಮಳೆಗಾಲ ಕಳೆದಿದ್ದೇನೆ. ಮೊದಲನೆಯದರಲ್ಲಿ ಸೋತೆ. ಪುನರ್ವಸು ಮಳೆಯ ಹೊತ್ತಿಗೆ ಸೊಂಟದುದ್ದದ ಎಂಬತ್ತು ಜಡೆಗಳಿದ್ದವು. ತಲೆಗೆ ನೀರು ಹಾಕಿಕೊಂಡರೆ ಮೂರನೆಯ ದಿನವೂ ಒಳಗೆ ತಂಪಿರುತ್ತಿತ್ತು. ಹತ್ತು ದಿನಕ್ಕೆ ಒದ್ದೆ ಕಂಬಳಿಯ ಮುಗ್ಗಲು ವಾಸನೆ ಬಂತು, ಬಿಚ್ಚಿ ನೋಡಿದರೆ ಬುಡದಲ್ಲಿ ಬೂದುಬಣ್ಣದ ಪುಡಿ. ಅಷ್ಟನ್ನೂ ಬಿಚ್ಚಿ ಬಿಸಾಡಬೇಕಾಯಿತು.

ಎರಡನೆಯ ಸಲ ಮೂವತ್ತೈದೇ ಜಡೆ, ಭುಜದಿಂದ ಸ್ವಲ್ಪ ಕೆಳಕ್ಕೆ. ಎರಡು ವಾರಕ್ಕೊಮ್ಮೆ, ಬೆಳಗ್ಗೆ ಮಾತ್ರ ತೊಳೆಯುತ್ತಿದ್ದೆ. ಮೂತಿ ಚೂಪಾದ ಬಾಟಲಿಯಲ್ಲಿ ನೀರಾಗಿಸಿದ ಶಾಂಪೂ ತುಂಬಿ ಬೈತಲೆಗಳ ಸಾಲಿನಲ್ಲಿ ಮಾತ್ರ ಹರಿಸಿ, ಬೆರಳತುದಿಯಿಂದ ಒತ್ತಿ, ಜಡೆಯುದ್ದಕ್ಕೆ ತಾನಾಗಿ ಇಳಿಯುವ ನೊರೆಯಷ್ಟೇ ಸಾಕು. ನಮ್ಮಮ್ಮ ದಾಸವಾಳದ ಸೊಪ್ಪಿನ ಗೊಂಪು ಹಾಕು ಎನ್ನುತ್ತಿದ್ದರು. ಬಿಚ್ಚಿದ ಕೂದಲಿಗೆ ಅದರಷ್ಟು ಒಳ್ಳೆಯದು ಬೇರೆಯಿಲ್ಲ ಎಂದೇ ನನ್ನ ನಂಬಿಕೆ. ಆದರೆ ಜಡೆಯಿದ್ದಾಗ ಸೊಪ್ಪಿನ ಚೂರು ಒಳಗೆ ಸಿಕ್ಕಿಕೊಂಡು ಕೊಳೆಯುತ್ತದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದ ಲೋಳೆಯಾದರೆ ಮಾತ್ರ ಹಾಕಬಹುದು. ಸೀಗೆಪುಡಿಯನ್ನಂತೂ ಹಾಕಲೇಬಾರದು.

ತೊಳೆದ ಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಐದೈದು ಜಡೆಗಳನ್ನು ಹಿಡಿದು ಹಿಂಡಬೇಕು, ತಿಕ್ಕಬಾರದು. ಆಮೇಲೆ ಡ್ರೈಯರಿನ ತಣ್ಣನೆಯ ಗಾಳಿ, ಮೊದಲು ನೆತ್ತಿಗೆ. ಒಣಗಿತೋ ಇಲ್ಲವೋ ತಿಳಿಯಲು ಕತ್ತಿನ ಹಿಂದಿನ ಒಂದು ಜಡೆಯ ಬುಡವನ್ನು ಕಾಗದದ ಕರವಸ್ತ್ರದಲ್ಲಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ; ತೇವದ ಗುರುತು ಮೂಡಿದರೆ ಇನ್ನೂ ಅರ್ಧ ಗಂಟೆ ಬೇಕು. ಊರಿಗೆ ಬಂದಾಗ ಬಚ್ಚಲೊಲೆಯ ಮುಂದೆ ಕುಳಿತು ತಲೆ ಒಣಗಿಸುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಅದು ಮಾತ್ರ ಬೇಡ. ಕೃತಕ ಚೌರಿ ಕಾವಿಗೆ ಮುದುಡಿ ಕರಗುತ್ತದೆ. ನನ್ನ ಒಂದು ಜಡೆಯ ತುದಿ ಹಾಗೆಯೇ ಕರಗಿ ಮುದ್ದೆಗಟ್ಟಿ ಭುಜಕ್ಕೆ ಅಂಟಿ ಸುಟ್ಟ ಗಾಯದ ಕಲೆ ಈಗಲೂ ಇದೆ.

ರಾತ್ರಿ ಹತ್ತಿಯ ದಿಂಬು ಕೂದಲಿನ ಜಿಡ್ಡನ್ನೆಲ್ಲ ಹೀರುತ್ತದೆ. ಅಮ್ಮ ತನ್ನ ಹಳೆಯ ರೇಷ್ಮೆ ಸೀರೆಯ ಜರಿಯಿಲ್ಲದ ಭಾಗದಿಂದ ಒಂದು ಟೋಪಿ ಹೊಲಿದುಕೊಟ್ಟಿದ್ದಾರೆ. ಒಳಗೆ ಎಲಾಸ್ಟಿಕ್ ಬಿಗಿಯಿಲ್ಲದಂತೆ ಇರಬೇಕು, ಇಲ್ಲದಿದ್ದರೆ ಅದೇ ಹಣೆಯಂಚನ್ನು ಸವೆಸುತ್ತದೆ.

ಆರು ವಾರಕ್ಕೆ ಬಿಚ್ಚಿಬಿಡಿ, ಎಷ್ಟು ಚೆನ್ನಾಗಿ ಕಂಡರೂ ಎಂಟು ವಾರ ದಾಟಿಸಬೇಡಿ. ಬಿಚ್ಚುವಾಗ ಕೈತುಂಬ ಕೂದಲು ಬರುತ್ತದೆ, ಅದನ್ನು ಕಂಡು ಮಗಳು ಹೆದರದಂತೆ ಮೊದಲೇ ಹೇಳಿಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ; ಆರು ವಾರ ಉದುರಿದ್ದೆಲ್ಲ ಜಡೆಯೊಳಗೇ ಉಳಿದು ಒಮ್ಮೆಗೇ ಹೊರಬರುತ್ತದೆ, ಅಷ್ಟೇ. ಅದನ್ನು ಬೆರಳಿನಿಂದ ಬಿಡಿಸಿ ತೆಗೆದ ಮೇಲೆಯೇ ನೀರು ತಾಗಿಸಬೇಕು, ಇಲ್ಲದಿದ್ದರೆ ಬುಡದಲ್ಲಿ ಗಂಟು ಬಿದ್ದು ಕತ್ತರಿಯೇ ಗತಿಯಾಗುತ್ತದೆ.

ಯಲ್ಲಾಪುರದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗಳಿಗೆ ಫೋನಿನಲ್ಲಿ ಇದೆಲ್ಲವನ್ನೂ ಓದಿ ಹೇಳಿದೆ. ತುದಿ ಕತ್ತರಿಸಲು ಒಪ್ಪಿದ್ದಾಳೆ. ಮಳೆ ಕಡಿಮೆಯಾಗುವವರೆಗೆ ಚೌರಿಯ ಜಡೆ ಬೇಡ, ದೀಪಾವಳಿಯ ಹೊತ್ತಿಗೆ ಹಾಕಿಸೋಣ ಎಂದಿದ್ದೇನೆ. ಅಲ್ಲಿಯವರೆಗೆ ನಾನೇ ಮನೆಯಲ್ಲಿ ಹಾಕಬಹುದಾದದ್ದು ಏನಾದರೂ ಇದೆಯೇ? ಇನ್ನೊಂದು ಸಂಕಟವೆಂದರೆ, ಹಾಸ್ಟೆಲಿನಲ್ಲಿ ಒಬ್ಬರು ಅವಳ ಕೂದಲನ್ನು ನೋಡಿ, ಎಣ್ಣೆ ಹಚ್ಚಿ ನೀಟಾಗಿ ಎರಡು ಜಡೆ ಹಾಕಿಕೊಂಡು ಬಾ ಎಂದು ಎಲ್ಲರೆದುರು ಹೇಳಿದರಂತೆ.

ಕಾಡುಮಲ್ಲಿಗೆ

ಆ ಮಾತು ನಾವೆಲ್ಲ ಕೇಳಿದ್ದೇ, ಅಕ್ಕಾ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಡೆ, ಹುರಿಗೂದಲು, ಲಾಕ್ಸ್ (ಜಟೆಗಟ್ಟಿದ ಕೂದಲು) ಇವುಗಳ ನೆಪದಲ್ಲಿ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಕೀಳಾಗಿ ಕಾಣಬಾರದು ಎಂದು 2019ರಲ್ಲಿ ಕ್ರೌನ್ ಆಕ್ಟ್ ಎಂಬ ಕಾನೂನನ್ನೇ ಮಾಡಬೇಕಾಯಿತು. ನೀವೇ ಒಂದು ದಿನ ಹೋಗಿ ಅವರೊಡನೆ ಕುಳಿತು ಮಾತನಾಡಿ. ಬಿಗಿಯಾಗಿ ಎಳೆದು ಎರಡು ಜಡೆ ಹಾಕಿದರೆ ಈ ಕೂದಲಿಗೆ ಏನಾಗುತ್ತದೆ ಎಂಬುದು ಅನೇಕರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ನನ್ನ ಕಚೇರಿಯಲ್ಲಿ ಹಾಗೆ ತಿಳಿಸಿ ಹೇಳಿದ ಮೇಲೆ ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ತುಂಗಾತೀರ

ಮನೆಯಲ್ಲಿ ಹಾಕಲು ಕಾರ್ನ್‌ರೋ ಒಳ್ಳೆಯದು. ಚೌರಿ ಬೇಡ, ನೆತ್ತಿಗೆ ಅಂಟಿಕೊಂಡಂತೆ ಹಿಂದಕ್ಕೆ ಆರೋ ಎಂಟೋ ಸಾಲು. ಗದ್ದೆಯಲ್ಲಿ ಸಸಿ ಸಾಲು ಹಿಡಿದಂತೆ ಬೈತಲೆಗಳು ಕಾಣುತ್ತವೆ. ಮೂರೆಳೆ ಹಿಡಿದು, ಪ್ರತಿ ಸುತ್ತಿಗೂ ಕೆಳಗಿನಿಂದ ಒಂದಿಷ್ಟು ಕೂದಲನ್ನು ಸೇರಿಸಿಕೊಳ್ಳುತ್ತಾ, ಪಕ್ಕದ ಎಳೆಯನ್ನು ನಡುವಿನದರ ಕೆಳಗೆ ತರಬೇಕು, ಮೇಲೆ ಅಲ್ಲ. ಹಣೆಯಂಚಿನ ಎಳೆಗೂದಲನ್ನು ಹೊರಗೇ ಬಿಟ್ಟು, ಒಂದು ಬೆರಳು ಹಿಂದಿನಿಂದ ಹೆಣಿಗೆ ಶುರು ಮಾಡಿ. ಒಂದೂವರೆ ಗಂಟೆಯ ಕೆಲಸ, ಎರಡು ವಾರ ನಿಲ್ಲುತ್ತದೆ, ತೊಳೆದರೆ ಬೇಗ ಒಣಗುತ್ತದೆ.

ಹೆಣೆಯುವ ಹಿಂದಿನ ರಾತ್ರಿ ಕೂದಲನ್ನು ತುಸು ಒದ್ದೆ ಮಾಡಿ, ಕೊಬ್ಬರಿ ಎಣ್ಣೆ ಸವರಿ, ಹಿಡಿ ಹಿಡಿಯಾಗಿ ಭಾಗ ಮಾಡಿ, ಬುಡದಿಂದ ತುದಿಯವರೆಗೆ ಕಪ್ಪು ದಾರ ಸುತ್ತಿ ಕಟ್ಟಿ. ನೈಜೀರಿಯಾದ ಯೊರುಬಾ ಜನ ಹೀಗೆ ದಾರ ಸುತ್ತುವುದನ್ನು ಇರುನ್ ಕಿಕೊ ಎನ್ನುತ್ತಾರೆ. ಬೆಳಗ್ಗೆ ದಾರ ಬಿಚ್ಚಿದರೆ, ಯಾವ ಬಿಸಿ ಯಂತ್ರವೂ ಇಲ್ಲದೆ, ಸುರುಳಿ ಹಿಗ್ಗಿ ಬಾಚಣಿಗೆಗೆ ಸಲೀಸಾಗಿ ಸಿಗುತ್ತದೆ. ಮಗಳು ಮುಂದಿನ ಶನಿವಾರ ಊರಿಗೆ ಬರುವುದಾದರೆ ಅಂದು ರಾತ್ರಿ ದಾರ ಸುತ್ತಿಟ್ಟು, ಭಾನುವಾರ ಬೆಳಗ್ಗೆ ಹೆಣೆಯಲು ಕುಳಿತುಕೊಳ್ಳಿ. ಮೊದಲ ಸಾಲು ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಿ. ಅಷ್ಟಕ್ಕೆ ಕೂದಲಿಗೇನೂ ಆಗುವುದಿಲ್ಲ.