ಜಾಝ್ ಡ್ರಮ್ಮಿನ ದಿಕ್ಕು ತಿರುಗಿಸಿದ್ದು ಕೆನ್ನಿ ಕ್ಲಾರ್ಕಾ, ಮ್ಯಾಕ್ಸ್ ರೋಚಾ?

ಹಳೇ ರೇಡಿಯೊ:
ಆಧುನಿಕ ಜಾಝ್ ಡ್ರಮ್ಮಿಂಗ್ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಮ್ಯಾಕ್ಸ್ ರೋಚ್. ನನ್ನ ತಕರಾರು ಅಲ್ಲೇ. ರೋಚ್‌ಗಿಂತ ಹತ್ತು ವರ್ಷ ಒಂದು ದಿನ ಮೊದಲು, 1914ರ ಜನವರಿ 9ರಂದು, ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕೆನ್ನಿ ಕ್ಲಾರ್ಕ್ ಯಾರಿಗೂ ನೆನಪಾಗಲ್ಲ ಯಾಕೆ? ಆಗೆಲ್ಲ ಡ್ರಮ್ಮರ್ ಕಾಲಲ್ಲಿ ದೊಡ್ಡ ಡ್ರಮ್ಮನ್ನು ನಾಲ್ಕೂ ಎಣಿಕೆಗೆ ಒಂದೇ ಸಮ ಬಡಿಯಬೇಕಿತ್ತು. ಕುಣಿಯುವವರಿಗೆ ಅದೇ ಆಧಾರ. ಕ್ಲಾರ್ಕ್ ಆ ಕೆಲಸವನ್ನು ಬಲಗೈಗೆ, ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆಗೆ, ವಹಿಸಿದ. ಕಾಲಿಗೂ ಎಡಗೈಗೂ ಬಿಡುವು ಸಿಕ್ಕಿತು. ಆಮೇಲೆ ಅವು ಸೋಲೋ (ಒಬ್ಬನೇ ಮುಂದಾಗಿ) ನುಡಿಸುವವನ ಜೊತೆ ಮಾತಿಗಿಳಿದವು. ನಿರೀಕ್ಷೆ ಇಲ್ಲದ ಕಡೆ 'ಢಂ' ಅನ್ನಿಸುವುದಕ್ಕೆ 'ಬಾಂಬ್ ಹಾಕೋದು' ಅಂತಲೇ ಹೆಸರು ಬಿತ್ತು.

ಎಡಗೈ:
ಜೋ ಜೋನ್ಸ್ ಎಲ್ಲಿ ಹೋದ ಸಾರ್? 1930ರ ದಶಕದಲ್ಲೇ ಕೌಂಟ್ ಬೇಸಿ ಬ್ಯಾಂಡಿನಲ್ಲಿ ಲಯವನ್ನು ಹೈ-ಹ್ಯಾಟ್ (ಕಾಲಲ್ಲಿ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಮೇಲೆ ನಡೆಸುತ್ತಿದ್ದನಲ್ಲ.

ಹಳೇ ರೇಡಿಯೊ:
ಒಪ್ಪಿದೆ, ದಾರಿ ಅವನದೇ. ಆದರೆ ಏಟು ತಿಂದವನು ಕ್ಲಾರ್ಕ್. ತಾಳ ಕೆಡಿಸ್ತಾನೆ ಅಂತ ಟೆಡ್ಡಿ ಹಿಲ್ ಅವನನ್ನು ತನ್ನ ಬ್ಯಾಂಡಿನಿಂದಲೇ ತೆಗೆದ. ಮುಂದೆ ಅದೇ ಹಿಲ್ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ ನೋಡಿಕೊಳ್ಳತೊಡಗಿದಾಗ ಅದೇ ಕ್ಲಾರ್ಕನನ್ನು ಕರೆದ! ಪಿಯಾನೊದಲ್ಲಿ ಥೆಲೋನಿಯಸ್ ಮಂಕ್. ಬೀಬಾಪ್ ಅನ್ನುವ ಹೊಸ ಬಗೆಯ ಜಾಝ್ ಬೆಳೆದದ್ದು ಆ ಜಾಗದಲ್ಲಿ.

ಸುಮಾ:
ಕಥೆ ಚೆನ್ನಾಗಿದೆ, ಆದರೆ ನನಗೆ ಕಿವಿಗೆ ಕೇಳಬೇಕು. 1945ರ ನವೆಂಬರ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 'ಕೋ-ಕೋ' ರೆಕಾರ್ಡ್ ಮಾಡಿದಾಗ ಡ್ರಮ್ಮಿನಲ್ಲಿದ್ದವನು ರೋಚ್. ಆಗ ಅವನಿಗೆ 21. ಆ ವೇಗದಲ್ಲೂ ಒಂದೊಂದು ಪೆಟ್ಟೂ ಸ್ಪಷ್ಟ. ನಿಮ್ಮ ಕ್ಲಾರ್ಕ್ ಆಗ ಎಲ್ಲಿದ್ದ?

ಹಳೇ ರೇಡಿಯೊ:
ಸೈನ್ಯದಲ್ಲಮ್ಮ! 1943ರಲ್ಲಿ ಕರೆ ಬಂತು, ವಾಪಸ್ ಬಂದಿದ್ದು 1946ಕ್ಕೆ. ಅದಕ್ಕೂ ಮುಂಚೆ, 1942ರ ಆಗಸ್ಟ್‌ನಿಂದ, ಸಂಗೀತಗಾರರ ಸಂಘ ರೆಕಾರ್ಡಿಂಗನ್ನೇ ನಿಲ್ಲಿಸಿತ್ತು. ಕ್ಲಾರ್ಕನ ಆ ಕಾಲದ ಗುರುತು ಕಡಿಮೆ ಉಳಿಯಲು ಅದೇ ಕಾರಣ. ಆದರೂ 1941ರಲ್ಲಿ ಜೆರ್ರಿ ನ್ಯೂಮನ್ ಅನ್ನುವ ವಿದ್ಯಾರ್ಥಿ ಮಿಂಟನ್ಸ್‌ಗೆ ರೆಕಾರ್ಡಿಂಗ್ ಯಂತ್ರ ಹೊತ್ತು ತಂದಿದ್ದ. ಅದರಲ್ಲಿ ಚಾರ್ಲಿ ಕ್ರಿಶ್ಚಿಯನ್ ಗಿಟಾರ್ ಇದೆ. ಗಿಟಾರ್ ಬಿಟ್ಟು ಹಿಂದಿನ ಡ್ರಮ್ಮಿಗೆ ಕಿವಿ ಕೊಡಿ.

ಎಡಗೈ:
ಜನ ಮರೆಯೋಕೆ ಕ್ಲಾರ್ಕ್ ಕೂಡ ಕಾರಣ. ಮಾಡರ್ನ್ ಜಾಝ್ ಕ್ವಾರ್ಟೆಟ್ ಅನ್ನುವ ನಾಲ್ವರ ತಂಡ ಶುರುಮಾಡಿದವರಲ್ಲಿ ಒಬ್ಬ, 1955ರಲ್ಲಿ ಬಿಟ್ಟ. ಮಾರನೇ ವರ್ಷ ಪ್ಯಾರಿಸ್‌ಗೆ ಹೋಗಿ ಅಲ್ಲೇ ನಿಂತ. ಕಣ್ಣಿಂದ ದೂರ ಆದವನನ್ನು ನ್ಯೂಯಾರ್ಕ್ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತೆ?

ಹಳೇ ರೇಡಿಯೊ:
ಹೋಗಿ ಸುಮ್ನೆ ಕೂತನಾ? 1957ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಪ್ಯಾರಿಸ್‌ನಲ್ಲಿ ಫ್ರೆಂಚ್ ಸಿನಿಮಾಗೆ ಸಂಗೀತ ಕೊಟ್ಟಾಗ ಡ್ರಮ್ಸ್ ಇವನದೇ. ಬೆಲ್ಜಿಯಂನ ಫ್ರಾನ್ಸಿ ಬೋಲಾಂಡ್ ಜೊತೆ ದೊಡ್ಡ ಬ್ಯಾಂಡ್ ಕಟ್ಟಿ ಹತ್ತು ವರ್ಷ ನಡೆಸಿದ. ಅಷ್ಟಕ್ಕೂ ಕರಿಯ ಕಲಾವಿದನೊಬ್ಬ ಆ ಕಾಲದ ಅಮೆರಿಕ ಬಿಟ್ಟರೆ ತಪ್ಪು ಅವನದಾ?

ಸುಮಾ:
ತಪ್ಪು ಅಂತ ಯಾರೂ ಅನ್ನಲಿಲ್ಲ. ಆದರೆ ರೋಚ್ ಅಲ್ಲೇ ನಿಂತು, 1960ರಲ್ಲಿ 'ವೀ ಇನ್ಸಿಸ್ಟ್!' ಆಲ್ಬಮ್ ಮಾಡಿ, ಜನಾಂಗಭೇದದ ವಿರುದ್ಧ ಡ್ರಮ್ಮಿನಲ್ಲೇ ಕೂಗಿದ. ಆ ನ್ಯೂಮನ್ ರೆಕಾರ್ಡಿಂಗ್ ಈ ರಾತ್ರಿ ಕೇಳ್ತೀನಿ. ಸಿಂಬಲ್ ನಿಮ್ಮ ಕ್ಲಾರ್ಕನದೇ ಅಂತಿಟ್ಟುಕೊಳ್ಳಿ. ರೋಚ್‌ನ ಸೋಲೋ ಮಾತ್ರ ಬಿಟ್ಟುಕೊಡಲ್ಲ.