ರತನ್ ಟಾಟಾ ಜಮ್‌ಶೆಡ್‌ಜಿಗೆ ಏನಾಗಬೇಕು? ಈ ಮೂರು ಸಾಲು ತಿದ್ದಿಕೊಡಿ

ಕ್ವಿಜ್ ಮಾಸ್ತರ್ ಕೇಳಿದ್ದು:

ಹೈಸ್ಕೂಲ್ ಮಕ್ಕಳ ರಸಪ್ರಶ್ನೆಗೆ ಜಮ್‌ಶೆಡ್‌ಜಿ ಟಾಟಾ ಮತ್ತು ಅವರ ಮನೆತನದ ಬಗ್ಗೆ ಒಂದು ಹಾಳೆ ತಯಾರಾಗಬೇಕು. ಕರಡಿನಲ್ಲಿರುವ ಮೂರು ಸಾಲು ಒಂದಕ್ಕೊಂದು ಹೊಂದುತ್ತಿಲ್ಲ:

1. ರತನ್ ಟಾಟಾ ಜಮ್‌ಶೆಡ್‌ಜಿಯ ಮರಿಮಗ.
2. ಜೆ.ಆರ್.ಡಿ. ಟಾಟಾ, ಸರ್ ರತನ್ ಟಾಟಾರ ಮಗ.
3. ಸರ್ ಜಮ್‌ಶೆಡ್‌ಜಿ 1909ರಲ್ಲಿ ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ತೆರೆದರು.

ರತನ್ ಟಾಟಾರ ತಂದೆ ನವಲ್ ಟಾಟಾ ಕೂಡ ಸರ್ ರತನ್ ಮಗ ಅನ್ನುತ್ತಾರೆ. ಎರಡನೆಯದು ನಿಜವಾದರೆ ಜೆ.ಆರ್.ಡಿ.ಯೂ ನವಲ್ ಟಾಟಾರೂ ಅಣ್ಣತಮ್ಮಂದಿರಾಗಬೇಕಲ್ಲ? ಎಲ್ಲೂ ಹಾಗೆ ಬರೆದಿಲ್ಲ.

ಹಳೆಕಡತ:

ಎರಡನೇ ಸಾಲು ಪೂರ್ತಿ ತಪ್ಪು. ಮೂರನೆಯದರಲ್ಲಿ ಎರಡು ತಪ್ಪಿವೆ. ಒಂದನೆಯದು ಅರ್ಧ ಸರಿ.

ಗೋಜಲಿಗೆ ಮೂಲ ಕಾರಣ, ಈ ಮನೆತನದಲ್ಲಿ ರತನ್‌ಗಳು ಮೂವರು. ಬಿಡಿಸಿಕೊಳ್ಳುವ ಉಪಾಯ ಇನಿಷಿಯಲ್‌ನಲ್ಲೇ ಇದೆ. ಪಾರ್ಸಿಗಳು ತಮ್ಮ ಹೆಸರಾದ ಮೇಲೆ ಅಪ್ಪನ ಹೆಸರು ಹಾಕುತ್ತಾರೆ, ಆಮೇಲೆ ಮನೆತನದ ಹೆಸರು. ಹಾಗಾಗಿ ಮೊದಲ ಅಕ್ಷರ ಬಿಡಿ, ಎರಡನೆಯದನ್ನು ಹಿಡಿಯಿರಿ.

ಆರ್.ಜೆ. ಅಂದರೆ ರತನ್‌ಜಿ ಜಮ್‌ಶೆಡ್‌ಜಿ, ಸಂಸ್ಥಾಪಕರ ಕಿರಿಮಗ (1871–1918). 'ಸರ್ ರತನ್' ಅಂತ ಕಂಡಲ್ಲೆಲ್ಲ ಇವರೇ. ಆರ್.ಡಿ. ಅಂದರೆ ರತನ್‌ಜಿ ದಾದಾಭಾಯ್ (1856–1926). ಆರ್.ಎನ್. ಅಂದರೆ ರತನ್ ನವಲ್ (1937–2024), ನಮ್ಮ ಕಾಲದವರು.

ಜೆ.ಆರ್.ಡಿ. ಹೆಸರನ್ನು ಬಿಡಿಸಿ ನೋಡಿ: ಜಹಾಂಗೀರ್, ಅಪ್ಪ ರತನ್‌ಜಿ, ಅಜ್ಜ ದಾದಾಭಾಯ್. ಮೂರು ತಲೆಮಾರು ಮೂರು ಅಕ್ಷರದಲ್ಲೇ ಇದೆ. ಸರ್ ರತನ್ ಮಗನಾಗಿದ್ದರೆ ಅದು ಜೆ.ಆರ್.ಜೆ. ಆಗುತ್ತಿತ್ತು.

ಇನ್ನು ಈ ಆರ್.ಡಿ. ಯಾರು ಅಂದರೆ, ಜಮ್‌ಶೆಡ್‌ಜಿಯ ಸೋದರಮಾವನ ಮಗ. ಇಂಗ್ಲಿಷಿನವರು 'ಕಸಿನ್' ಅಂತ ತೇಲಿಸಿಬಿಡುತ್ತಾರೆ, ಅದನ್ನು ಕನ್ನಡಕ್ಕೆ ತರುವವರು 'ದಾಯಾದಿ' ಅಂತಲೋ 'ಸಹೋದರ' ಅಂತಲೋ ಬರೆಯುತ್ತಾರೆ. ಎರಡೂ ಸಲ್ಲ. ನಮ್ಮ ಲೆಕ್ಕದಲ್ಲಿ ಇವರು ಭಾವಮೈದುನ. ಜಮ್‌ಶೆಡ್‌ಜಿಯ ತಾಯಿ ಜೀವನ್‌ಬಾಯಿ ತವರಿನಿಂದಲೂ ಟಾಟಾ ಮನೆತನದವರೇ ಆದ್ದರಿಂದ ಎರಡೂ ಕಡೆ ಒಂದೇ ಅಡ್ಡಹೆಸರು. ಅದಕ್ಕೇ ಎಡವುತ್ತಾರೆ.

ವಂಶವೃಕ್ಷದ ಮರ ಬರೆಯುವಾಗ ಮೊದಲು ಗುಜರಾತಿನ ನವಸಾರಿಯ ಪುರೋಹಿತ ಮನೆತನ ಹಾಕಿ. ಅದರ ಕೆಳಗೆ ನಸರ್ವಾನ್‌ಜಿ. ಪೌರೋಹಿತ್ಯ ಬಿಟ್ಟು ಮುಂಬೈಗೆ ವ್ಯಾಪಾರಕ್ಕೆ ಹೋದ ಮೊದಲಿಗರು ಅವರೇ. ಅವರ ಮಗ ಜಮ್‌ಶೆಡ್‌ಜಿ (3 ಮಾರ್ಚ್ 1839), ಪತ್ನಿ ಹೀರಾಬಾಯಿ. ಗಂಡುಮಕ್ಕಳು ದೊರಾಬ್‌ಜಿ (1859) ಮತ್ತು ರತನ್‌ಜಿ. ಆರ್.ಡಿ. ಮತ್ತು ಜೆ.ಆರ್.ಡಿ.ಗೆ ಪಕ್ಕದಲ್ಲಿ ಬೇರೆ ಕೊಂಬೆ ಎಳೆಯಿರಿ. 1932ರಿಂದ 38ರವರೆಗೆ ಟಾಟಾ ಕಂಪನಿಗಳ ಗುಂಪು ನಡೆಸಿದ ಸರ್ ನೌರೋಜಿ ಸಕ್ಲಾತ್‌ವಾಲಾ ಜಮ್‌ಶೆಡ್‌ಜಿಯ ಸೋದರಳಿಯ, ಅಂದರೆ ಸಹೋದರಿಯ ಮಗ. ಅವರನ್ನು ಬಿಟ್ಟರೆ ದೊರಾಬ್‌ಜಿ ಆದಮೇಲೆ ನೇರ ಜೆ.ಆರ್.ಡಿ. ಬಂದಂತೆ ಕಾಣುತ್ತದೆ. ಎಷ್ಟೋ ಪಟ್ಟಿಗಳಲ್ಲಿ ಆಗಿರುವುದು ಅದೇ.

ಕ್ವಿಜ್ ಮಾಸ್ತರ್:

ಹಾಗಾದರೆ ಒಂದನೇ ಸಾಲು 'ಅರ್ಧ ಸರಿ' ಯಾಕೆ?

ತೆಂಕಣ ಗಾಳಿ:

ದತ್ತು. ಸರ್ ರತನ್ ಮತ್ತು ನವಾಜ್‌ಬಾಯಿಗೆ ಮಕ್ಕಳಿರಲಿಲ್ಲ. ಗಂಡ 1918ರಲ್ಲಿ ತೀರಿಕೊಂಡ ಮೇಲೆ ನವಾಜ್‌ಬಾಯಿ ಒಬ್ಬ ಹುಡುಗನನ್ನು ದತ್ತು ತಗೊಂಡರು. ತಂದೆಯನ್ನು ಕಳೆದುಕೊಂಡು ಮುಂಬೈನ ಪಾರ್ಸಿ ಅನಾಥಾಲಯದಲ್ಲಿ ಬೆಳೆಯುತ್ತಿದ್ದವನು, ನವಲ್ (ಹುಟ್ಟಿದ್ದು 1904). ಇಲ್ಲೂ ಇನಿಷಿಯಲ್ ನೋಡಿ: ಕೊನೆಯತನಕ ಅವರು ನವಲ್ ಎಚ್. ಟಾಟಾ. ಎಚ್ ಅಂದರೆ ಹೆತ್ತ ತಂದೆ ಹೊರ್ಮುಸ್‌ಜಿ. ದತ್ತು ಬಂದರೂ ಆ ಅಕ್ಷರ ಅಳಿಸಲಿಲ್ಲ.

ಹಾಗಾಗಿ ದತ್ತಿನ ದಾರಿಯಲ್ಲಿ ಜಮ್‌ಶೆಡ್‌ಜಿ, ರತನ್‌ಜಿ, ನವಲ್, ರತನ್: ಮರಿಮಗ ಸರಿ. ಜಮ್‌ಶೆಡ್‌ಜಿಯ ರಕ್ತದ ದಾರಿಯಲ್ಲಿ ಅಲ್ಲ. ಹಾಗಂತ ತೀರಾ ಹೊರಗಿನವರೂ ಅಲ್ಲ. ನವಲ್‌ರ ಸ್ವಂತ ಅಜ್ಜಿಯು ಜಮ್‌ಶೆಡ್‌ಜಿಯ ಪತ್ನಿ ಹೀರಾಬಾಯಿಗೆ ಒಡಹುಟ್ಟಿದವರು. ಮರದಲ್ಲಿ ದತ್ತಿಗೆ ಚುಕ್ಕಿಗೆರೆ ಹಾಕಿದರೆ ಜಗಳವೇ ಇರುವುದಿಲ್ಲ.

ದೊರಾಬ್‌ಜಿಗೂ ಮಕ್ಕಳಿಲ್ಲ. ಸರ್ ರತನ್ ಟ್ರಸ್ಟ್ 1919ರಲ್ಲಿ, ದೊರಾಬ್‌ಜಿ ಟ್ರಸ್ಟ್ 1932ರಲ್ಲಿ. ಇವತ್ತು ಟಾಟಾ ಸನ್ಸ್‌ನ (ಟಾಟಾ ಕಂಪನಿಗಳ ಮಾತೃಸಂಸ್ಥೆ) ಸುಮಾರು 66 ಶೇಕಡಾ ಪಾಲು ಟಾಟಾ ಟ್ರಸ್ಟ್‌ಗಳ ಕೈಲಿರುವುದರ ಬೇರು ಅಲ್ಲೇ ಇದೆ. ವಾರಸುದಾರರಿಲ್ಲ, ಆಸ್ತಿ ದಾನಕ್ಕೆ ಹೋಯಿತು.

ಹಳೆಕಡತ:

ಈ ಕೊನೇ ಮಾತನ್ನು ಹಾಳೆಗೆ ಹಾಕಬೇಡಿ. ಜಮ್‌ಶೆಡ್‌ಜಿ ತಮ್ಮ ಆಸ್ತಿಯ ಹತ್ತಿರಹತ್ತಿರ ಅರ್ಧವನ್ನು ವಿಜ್ಞಾನ ಸಂಸ್ಥೆಗೆಂದು (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಮ ಮೂರನೇ ಸಾಲಿನ 'ಟಾಟಾ ಇನ್‌ಸ್ಟಿಟ್ಯೂಟ್') ತೆಗೆದಿಟ್ಟಿದ್ದು 1898ರಲ್ಲಿ, ಇಬ್ಬರು ಗಂಡುಮಕ್ಕಳೂ ಬದುಕಿದ್ದಾಗ. ಮುಂಬೈಯ 14 ಕಟ್ಟಡ, 4 ನಿವೇಶನ. ಬೆಲೆ 30 ಲಕ್ಷ ರೂಪಾಯಿ, ಅದರಿಂದ ವರ್ಷಕ್ಕೆ ಸುಮಾರು 1.25 ಲಕ್ಷ ಹುಟ್ಟುವ ಅಂದಾಜು. ಕೊಟ್ಟಿದ್ದು ಗಂಟಲ್ಲ, ಬಾಡಿಗೆ ಬರುವ ಆಸ್ತಿ, ಅದೇ ಜಾಣತನ. ಅದಕ್ಕೂ ಮುಂಚೆ, 1892ರಲ್ಲೇ, ವಿದೇಶಕ್ಕೆ ಓದಲು ಹೋಗುವವರಿಗೆ ಜೆ.ಎನ್. ಟಾಟಾ ದತ್ತಿ ಶುರುವಾಗಿತ್ತು.

ಬಸವನಗುಡಿ ಬೀದಿ:

ಮೂರನೇ ಸಾಲು ಯಾರೂ ಮುಟ್ಟಲಿಲ್ಲ. ಜಮ್‌ಶೆಡ್‌ಜಿ ತೀರಿಕೊಂಡಿದ್ದು 19 ಮೇ 1904, ಜರ್ಮನಿಯ ಬಾಡ್ ನೌಹೈಮ್‌ನಲ್ಲಿ. 1909ರಲ್ಲಿ ತೆರೆಯುವುದು ಹೇಗೆ? ಸರ್ಕಾರ ಒಪ್ಪಿ ಆದೇಶ ಹೊರಬಿದ್ದಿದ್ದು 27 ಮೇ 1909. ಅಡಿಗಲ್ಲು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕೈಯಿಂದ. ಮೊದಲ ವಿದ್ಯಾರ್ಥಿಗಳು ಬಂದಿದ್ದೂ ಅದೇ ವರ್ಷ. 371 ಎಕರೆ ಜಾಗ ಮೈಸೂರು ಸಂಸ್ಥಾನದ್ದು, ಅದನ್ನೂ ಬರೆಯಿರಿ. ತಮ್ಮ ಹೆಸರು ಇಡುವುದು ಜಮ್‌ಶೆಡ್‌ಜಿಗೆ ಬೇಡವಾಗಿತ್ತು. ಬೆಂಗಳೂರಿನ ಜನ ಮಾತ್ರ ಬಿಡದೆ 'ಟಾಟಾ ಇನ್‌ಸ್ಟಿಟ್ಯೂಟ್' ಅಂತಲೇ ಕರೆದರು.

'ಸರ್' ಕೂಡ ತೆಗೆಯಿರಿ. ಸರ್ ಜಮ್‌ಶೆಡ್‌ಜಿ ಅಂದರೆ ಜೀಜೀಭಾಯ್ (1783–1859), ಮುಂಬೈನ ಜೆ.ಜೆ. ಆಸ್ಪತ್ರೆಯವರು. ಅವರೂ ಪಾರ್ಸಿ, ಅವರೂ ವರ್ತಕ, ಅವರೂ ದಾನಿ. ಸಂಸ್ಥಾಪಕ ಟಾಟಾಗೆ ಆ ಬಿರುದು ಇರಲಿಲ್ಲ; ಇಬ್ಬರು ಮಕ್ಕಳಿಗೆ ಬಂತು, ದೊರಾಬ್‌ಜಿಗೆ 1910ರಲ್ಲಿ, ರತನ್‌ಜಿಗೆ 1916ರಲ್ಲಿ.

ಕಷ್ಟದ ಪ್ರಶ್ನೆ ಬೇಕಿದ್ದರೆ ಇದನ್ನು ಕೇಳಿ: ಹೋಮಿ ಭಾಭಾಗೆ ದೊರಾಬ್‌ಜಿ ಏನಾಗಬೇಕು? ಸೋದರತ್ತೆಯ ಗಂಡ. ದೊರಾಬ್‌ಜಿಯ ಪತ್ನಿ ಮೆಹರ್‌ಬಾಯಿ ಭಾಭಾ ಮನೆತನದವರು, ಅವರ ತಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. 1944ರಲ್ಲಿ ಭಾಭಾ ಹೊಸ ಸಂಶೋಧನಾಲಯಕ್ಕೆ ಹಣ ಕೇಳಿ ಪತ್ರ ಬರೆದದ್ದು ದೊರಾಬ್‌ಜಿ ಟ್ರಸ್ಟ್‌ಗೇ. ಆ ಸಂಶೋಧನಾಲಯ 1945ರ ಜೂನ್‌ನಲ್ಲಿ ಶುರುವಾಗಿದ್ದೂ ಬೆಂಗಳೂರಿನ ಇದೇ ಆವರಣದಲ್ಲಿ. ವರ್ಷದ ಕೊನೆಗೆ ಮುಂಬೈಗೆ ಹೋಯಿತು.

ಕ್ವಿಜ್ ಮಾಸ್ತರ್:

ತಿದ್ದಿದ್ದು ಹೀಗೆ: 'ರತನ್ ಟಾಟಾ ದತ್ತಿನ ಕಡೆಯಿಂದ ಜಮ್‌ಶೆಡ್‌ಜಿಯ ಮರಿಮಗ. ಜೆ.ಆರ್.ಡಿ., ಜಮ್‌ಶೆಡ್‌ಜಿಯ ಸೋದರಮಾವನ ಮೊಮ್ಮಗ. ವಿಜ್ಞಾನ ಸಂಸ್ಥೆಗೆ ಜಮ್‌ಶೆಡ್‌ಜಿ ಆಸ್ತಿ ಮುಡಿಪಿಟ್ಟಿದ್ದು 1898, ಸ್ಥಾಪನೆಯ ಆದೇಶ 1909.' ಸರೀನಾ? ಚಿತ್ರ ಯಾವುದು ಹಾಕಲಿ?

ಬಸವನಗುಡಿ ಬೀದಿ:

ಸರಿ ಇದೆ. ಚಿತ್ರಕ್ಕೆ ಸಂಸ್ಥೆಯ ಮುಖ್ಯ ಕಟ್ಟಡದ ಎದುರಿನ ಪ್ರತಿಮೆಯನ್ನೇ ಹಾಕಿ, ಆಗ ಜೀಜೀಭಾಯ್ ಚಿತ್ರ ಬಂದು ಸೇರುವ ಭಯ ಇರುವುದಿಲ್ಲ. ಅಲ್ಲಿ ಜಮ್‌ಶೆಡ್‌ಜಿ, ತಾವು ಕಾಣದ ಸಂಸ್ಥೆಯ ಪುಟ್ಟ ಮಾದರಿಯೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ.